ಒಟ್ಟಿಗೆ ಸೇರದ ಸಾಲು

ದಾವಣಗೆರೆಯ ನಿಟ್ಟುವಳ್ಳಿಯ ಮಿಲ್ಲು ಮಂದಿಯಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರು ತಟ್ಟೆಯಲ್ಲಿ ಎಲೆ ಅಡಿಕೆಯ ಪಕ್ಕಕ್ಕೆ ಹುಡುಗನ ಬಟವಾಡೆ ಚೀಟಿಯನ್ನೂ ಇಡಬೇಕು. ಸಂಬಳ ಹಂಚುವ ದಿನ ಮಿಲ್ಲಿನವರು ಕೊಡುವ ಆ ಅಂಗೈಯಗಲದ ಚೀಟಿಯಲ್ಲಿ ಮೂಲ ಸಂಬಳ ಎಷ್ಟು, ತುಟ್ಟಿಭತ್ಯೆ ಎಷ್ಟು, ದಂಡ ಎಷ್ಟು, ಸಾಲದ ಕಂತು ಎಷ್ಟು, ಎಲ್ಲ ಕೂಡಿ ಕಳೆದು ಉಳಿದದ್ದೆಷ್ಟು ಎಂದು ಬರೆದಿರುತ್ತಿತ್ತು. ಜಾತಕಕ್ಕಿಂತ ಈ ಚೀಟಿಯೇ ಹೆಚ್ಚು ನಿಜ ಹೇಳುತ್ತದೆ ಅನ್ನುವುದು ಬೊಮ್ಮಣ್ಣನ ಖಚಿತ ಅಭಿಪ್ರಾಯ. ದಂಡ ನೋಡಿದರೆ ಹುಡುಗ ಹೊತ್ತಿಗೆ ಸರಿಯಾಗಿ ಏಳುತ್ತಾನೋ ಇಲ್ಲವೋ ಗೊತ್ತಾಗುತ್ತದೆ, ಕಂತು ನೋಡಿದರೆ ಇಸ್ಪೀಟು ಆಡುತ್ತಾನೋ ಇಲ್ಲವೋ ಗೊತ್ತಾಗುತ್ತದೆ, ಇನ್ನು ಶನಿ ಎಲ್ಲಿದ್ದರೇನು ಗುರು ಎಲ್ಲಿದ್ದರೇನು ಎಂದು ಅವನು ಕೇಳುತ್ತಿದ್ದ.

ಬೊಮ್ಮಣ್ಣ ಮಗ್ಗದ ಖಾತೆಯಲ್ಲಿ ಜಾಬರ್. ಮೂವತ್ತು ಮಗ್ಗ, ಅವನ್ನು ನಡೆಸುವ ಆಳುಗಳು, ಅವರ ಜಗಳ, ಎಲ್ಲ ಅವನ ಸುಪರ್ದಿಗೆ. ಇಪ್ಪತ್ತಾರು ವರ್ಷ ದುಡಿದ ಮೇಲೆ ತಿಂಗಳಿಗೆ ನೂರ ಮೂವತ್ತೈದು ರೂಪಾಯಿ ಎಣಿಸುತ್ತಿದ್ದ. ಅಕ್ಷರ ಅಷ್ಟಕ್ಕಷ್ಟೆ, ಆದರೆ ಲೆಕ್ಕದಲ್ಲಿ ಅವನನ್ನು ಮೀರಿಸುವವರು ಆ ಕೇರಿಯಲ್ಲಿ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ.

ಅರವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಅವನ ಒಬ್ಬಳೇ ಮಗಳು ಕಮಲಕ್ಕನನ್ನು ಎರಡು ಕಡೆಯವರು ಕೇಳಿಕೊಂಡು ಬಂದರು. ಒಂದು, ಅದೇ ಮಿಲ್ಲಿನ ಬೋರಣ್ಣನ ಮಗ. ಅವನ ಚೀಟಿ ನೂರ ಎಂಟು ರೂಪಾಯಿಯದು, ದಂಡ ಸೊನ್ನೆ. ಇನ್ನೊಂದು, ಲೋಕಿಕೆರೆಯ ದುರುಗವ್ವನ ಮಗ ಹುಲಿಯಪ್ಪ. ಮಿಲಿಟರಿಯಲ್ಲಿ ಹನ್ನೊಂದು ವರ್ಷ ಕಳೆದು ಹವಾಲ್ದಾರ್ ಆಗಿದ್ದವನು. ಈ ಸಂಬಂಧ ತಂದವನು ಹುಡುಗನ ಸೋದರಮಾವ ಕಾಟಪ್ಪ. ಪಾಪ, ಅವನ ಹತ್ತಿರ ಬಟವಾಡೆ ಚೀಟಿ ಎಲ್ಲಿಂದ ಬರಬೇಕು? ತಿಂಗಳು ತಿಂಗಳು ದುರುಗವ್ವನಿಗೆ ಬರುವ ಮನಿಯಾರ್ಡರಿನ ಒಂದು ತುಂಡನ್ನು ಮಡಿಸಿ ತಂದು ತಟ್ಟೆಯಲ್ಲಿ ಇಟ್ಟ. ನಲವತ್ತೈದು ರೂಪಾಯಿ.

ಬೊಮ್ಮಣ್ಣನಿಗೆ ನಗು ತಡೆಯಲು ಆಗಲಿಲ್ಲ. ನಮ್ಮಲ್ಲಿ ಕಸ ಹೊಡೆಯುವವನೂ ಇದಕ್ಕಿಂತ ಹೆಚ್ಚು ಎಣಿಸುತ್ತಾನಲ್ಲ, ಬಂದೂಕು ಹೊತ್ತು ಹನ್ನೊಂದು ವರ್ಷಕ್ಕೆ ಇಷ್ಟೇನಾ ಎಂದು ಕೇಳಿದ. ಇದು ತಾಯಿಗೆ ಕಳಿಸುವುದು ಮಾತ್ರ, ಪೂರ್ತಿ ಸಂಬಳ ಬೇರೆ ಇದೆ ಎಂದು ಕಾಟಪ್ಪ ಹೇಳಿದ. ಎಷ್ಟು ಎಂದರೆ ಅವನಿಗೂ ಗೊತ್ತಿಲ್ಲ. ಮಿಲಿಟರಿ ಸಂಬಳದ ಒಳಹೊರಗು ತಿಳಿದವರು ಹರಿಹರದಲ್ಲಿ ಬುಡನ್ ಸಾಬ್ ಒಬ್ಬರೇ, ಅವರೂ ಹವಾಲ್ದಾರ್ ಆಗಿ ಪೆನ್ಶನ್ ತಗೊಂಡವರು, ಬೇಕಾದರೆ ಕೇಳಿಕೊಂಡು ಬನ್ನಿ ಎಂದು ವಿಳಾಸ ಹೇಳಿ ಎದ್ದ.

ಅದಕ್ಕಾಗಿ ಹರಿಹರಕ್ಕೆ ಹೋಗುವ ಮನಸ್ಸು ಬೊಮ್ಮಣ್ಣನಿಗೆ ಇರಲಿಲ್ಲ. ಹೋಗುವಂತೆ ಮಾಡಿದವಳು ಹೆಂಡತಿ ಓಬಕ್ಕ. ಬೋರಣ್ಣನ ಮಗನ ಮಾತು ಎತ್ತಿದಾಗಲೆಲ್ಲ ಹುಡುಗಿಗೆ ತಲೆನೋವು ಬರುತ್ತದೆ, ಲೋಕಿಕೆರೆಯ ಮಾತು ಎತ್ತಿದರೆ ಬರುವುದಿಲ್ಲ, ಇದನ್ನು ನೋಡಿದ್ದೀಯಾ ಎಂದು ಅವಳು ಕೇಳಿದಳು. ಹಿಂದಿನ ವರ್ಷ ಲೋಕಿಕೆರೆಯ ಒಂದು ಮದುವೆಯಲ್ಲಿ ರಜೆಗೆ ಬಂದಿದ್ದ ಹುಲಿಯಪ್ಪ ಬೆಳಗಿನಿಂದ ಬಡಿಸಿದ್ದನಂತೆ. ಅಡಿಗೆಯವರದೂ ಊಟ ಆದ ಮೇಲೆ ಒಬ್ಬನೇ ಕೂತು ಉಂಡನಂತೆ. ಮನೆಗೆ ಬಂದ ಮೇಲೆ ಕಮಲಕ್ಕ ತಾಯಿಯ ಹತ್ತಿರ ಆ ಮದುವೆಯ ವಿಷಯ ಆಡಿದ್ದು ಅದೊಂದೇ ಮಾತು. ಏಳನೇ ಕ್ಲಾಸು ಪಾಸಾದ, ಮಾತು ಕಡಿಮೆಯ ಹುಡುಗಿ. ಆಡಿದ ಒಂದು ಮಾತನ್ನು ತಾಯಿ ಬಿಟ್ಟಾಳೆಯೇ?

ಬೊಮ್ಮಣ್ಣ ಪೇಚಿಗೆ ಬಿದ್ದ. ಮಗಳ ಮನಸ್ಸು ಮುರಿಯುವುದು ಅವನಿಂದ ಆಗದು. ಅವಳನ್ನು ಬಡತನಕ್ಕೆ ಕೊಡುವುದಂತೂ ಮೊದಲೇ ಆಗದು. ಅವನ ತಾಯಿ ಜೋಳದ ನುಚ್ಚನ್ನು ಐದು ಪಾಲು ಮಾಡಿ ತಾನು ನೀರು ಕುಡಿದು ಮಲಗಿದ್ದನ್ನು ಅವನು ಕಂಡಿದ್ದ. ತನ್ನ ಮಗಳು ಪಾಲು ಮಾಡುವ ಕಾಲ ಬರಬಾರದು ಎಂಬುದೇ ಅವನ ಇಪ್ಪತ್ತಾರು ವರ್ಷದ ದುಡಿಮೆಯ ಅರ್ಥ. ಹಾಗಾಗಿ ಮುಂದಿನ ವಾರದ ರಜೆಯ ದಿನ ಬೆಳಗಿನ ಪ್ಯಾಸೆಂಜರ್ ಹತ್ತಿ ಹರಿಹರಕ್ಕೆ ಹೋದ.

ಬುಡನ್ ಸಾಬ್ ಸ್ಟೇಷನ್ನಿನ ಹತ್ತಿರವೇ ಬಾಡಿಗೆ ಸೈಕಲ್ಲಿನ ಅಂಗಡಿ ಇಟ್ಟಿದ್ದರು. ಬಿಳಿ ಮೀಸೆ, ನೆಟ್ಟಗಿನ ಬೆನ್ನು. ಎಡಗೈ ಮೇಲೆ ಒಂದು ಟವೆಲ್ ಹಾಕಿಕೊಂಡು ಕೂತಿದ್ದರು. ಹೆಣ್ಣಿನ ವಿಷಯ ಮಾತಾಡಲು ಬಂದಿದ್ದೇನೆ ಎಂದು ಬೊಮ್ಮಣ್ಣ ಹೇಳಿದ ಕೂಡಲೇ ಅವರು ಆ ಟವೆಲನ್ನು ಇನ್ನಷ್ಟು ಕೆಳಗೆ ಎಳೆದುಕೊಂಡರು. ಚಹಾ ತರಿಸಿದರು. ಶುಭಕಾರ್ಯದ ಮಾತು, ಬಾಯಿ ಸಿಹಿ ಮಾಡಿಕೊಂಡೇ ಶುರು ಮಾಡೋಣ ಎಂದು ಒಂದು ತುಂಡು ಬೆಲ್ಲವನ್ನೂ ಕೊಟ್ಟರು.

ಆಮೇಲೆ ಶುರುವಾಯಿತು ಪಾಠ. ಬೊಮ್ಮಣ್ಣ ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು, ಮಿಲ್ಲಿನಿಂದ ತಂದಿದ್ದ ಬಟ್ಟೆಯ ಥಾನು ಕಟ್ಟುವ ಕಾಗದದ ಹಿಂಬದಿಯಲ್ಲಿ ಅಂಕಿ ಬರೆದುಕೊಳ್ಳುತ್ತ ಹೋದ. ಅಕ್ಷರ ಬರೆಯುವ ಬದಲು ಪ್ರತಿ ಅಂಕಿಯ ಪಕ್ಕಕ್ಕೆ ತನಗೆ ತಿಳಿಯುವ ಒಂದೊಂದು ಗುರುತು ಹಾಕಿಕೊಂಡ. ಹವಾಲ್ದಾರನ ಮೂಲ ಸಂಬಳ ಅರವತ್ತೆರಡು, ಅದಕ್ಕೆ ಬಂದೂಕು. ತುಟ್ಟಿಭತ್ಯೆ ಇಪ್ಪತ್ತು. ವರ್ಷಗಟ್ಟಲೆ ತಪ್ಪು ಮಾಡದೆ ಇದ್ದುದಕ್ಕೆ ಒಳ್ಳೆಯ ನಡತೆಯ ಹಣ ಐದು. ಕ್ಷೌರಕ್ಕೂ ಬಟ್ಟೆ ಒಗೆಸುವುದಕ್ಕೂ ಸೇರಿ ಎರಡು. ಸರ್ಕಾರ ಕ್ಷೌರಕ್ಕೆ ದುಡ್ಡು ಕೊಡುತ್ತದೆಯೇ ಎಂದು ಬೊಮ್ಮಣ್ಣ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಒಂದು ಕತ್ತಿಯ ಚಿತ್ರ ಬರೆದ.

ಇವು ಕೈಗೆ ಬರುವ ದುಡ್ಡು, ಆದರೆ ಸಿಪಾಯಿಯ ಸಂಬಳವನ್ನು ಕೈಗೆ ಬಂದದ್ದರಲ್ಲೇ ಅಳೆಯಬಾರದು ಎಂದರು ಬುಡನ್ ಸಾಬ್. ಎರಡು ಹೊತ್ತಿನ ಊಟ ಸರ್ಕಾರದ್ದು, ನೀವು ಮನೆಯಲ್ಲಿ ಉಂಡರೆ ಮೂವತ್ತು ರೂಪಾಯಿ ಆಗುವುದಿಲ್ಲವೇ? ಬಟ್ಟೆ, ಬೂಟು, ಕಂಬಳಿ ಸರ್ಕಾರದ್ದು, ತಿಂಗಳಿಗೆ ಆರು ರೂಪಾಯಿ ಹಿಡಿಯಿರಿ. ಹಿಮ ಬೀಳುವ ಎತ್ತರದ ಜಾಗಕ್ಕೆ ಹಾಕಿದರೆ ಅದರ ಭತ್ಯೆ ಬೇರೆ, ಹದಿನೈದು. ಬೊಮ್ಮಣ್ಣ ತಟ್ಟೆ ಬರೆದ, ಬೂಟು ಬರೆದ, ಗುಡ್ಡ ಬರೆದ.

ಇನ್ನೇನು ಬರುತ್ತದೆ ಎಂದು ಕೇಳಿದ. ಬುಡನ್ ಸಾಬ್ ತಮಗೆ ಪೆನ್ಶನ್ ಅಲ್ಲದೆ ಇನ್ನೂ ಹನ್ನೆರಡು ರೂಪಾಯಿ ಬೇರೆ ಬರುತ್ತದೆ ಎಂದರು. ಯಾತಕ್ಕೆ ಎಂದು ಹೇಳಲಿಲ್ಲ. ಬರ್ಮಾದಲ್ಲಿ ಅವರ ಎಡಗೈಯ ಮೂರು ಬೆರಳು ಹೋಗಿದ್ದವು, ಆ ಹನ್ನೆರಡು ರೂಪಾಯಿ ಅವಕ್ಕೆ. ಮದುವೆಯ ಮಾತಿನಲ್ಲಿ ಇಂಥದ್ದನ್ನು ತೋರಿಸಬಾರದು, ಆಡಬಾರದು ಎಂಬ ಮರ್ಯಾದೆ ಅವರದು. ಬೊಮ್ಮಣ್ಣ ಹನ್ನೆರಡು ಬರೆದು ಪಕ್ಕಕ್ಕೆ ಒಂದು ಟೊಪ್ಪಿಗೆ ಹಾಕಿದ.

ಇನ್ನೇನು, ಎಂದು ಮತ್ತೆ ಕೇಳಿದ. ಜಾಬರನ ಚಪಲ, ಚೀಟಿಯಲ್ಲಿ ಒಂದು ಸಾಲೂ ತಪ್ಪಿ ಹೋಗಬಾರದು. ಬುಡನ್ ಸಾಬ್ ಗಲ್ಲ ಕೆರೆದುಕೊಂಡರು, ಹೊರಗೆ ನೋಡಿದರು, ಕೊನೆಗೆ ತೂಕ ಮಾಡಿ ಹೇಳಿದರು.

"ಹೆಂಡ್ತಿ ಹೆಸರಿಗೆ ಒಂದು ಐತೆ ಬೊಮ್ಮಣ್ಣೋರೆ. ಇಪ್ಪತ್ತೆಂಟು ರೂಪಾಯಿ. ಸರ್ಕಾರನೇ ಸೀದಾ ಅವರ ಕೈಗೆ ಮುಟ್ಟಿಸ್ತೈತೆ. ನಿಮ್ಮ ಮಗಳು ಯಾರ ಮುಂದೂ ಕೈ ಚಾಚಂಗಿಲ್ಲ. ಅಷ್ಟು ತಿಳ್ಕೊಳ್ರಿ, ಸಾಕು."

ತಿಳಿದವನಾದರೆ ಆ 'ಸಾಕು' ಎಂಬಲ್ಲಿಗೇ ಅರ್ಥ ಮಾಡಿಕೊಳ್ಳಬೇಕಿತ್ತು. ಆದರೆ ಮಿಲ್ಲಿನ ಚೀಟಿಯಲ್ಲಿ ಹೆಸರಿದ್ದದ್ದೆಲ್ಲ ಆ ತಿಂಗಳೇ ಕೈಗೆ ಬರುತ್ತದೆ. ಬಾರದ ದುಡ್ಡಿಗೆ ಅಲ್ಲಿ ಸಾಲೇ ಇರುವುದಿಲ್ಲ. ಬೊಮ್ಮಣ್ಣನ ತಲೆ ಆ ಚೀಟಿಯಲ್ಲೇ ಬೆಳೆದದ್ದು. ಗಂಡನಿಗೆ ಕ್ಷೌರಕ್ಕೆ ಕೊಡುವ ಸರ್ಕಾರ ಹೆಂಡತಿಗೆ ಸೀರೆಗೆ ಕೊಡುವುದರಲ್ಲಿ ಅವನಿಗೆ ಏನೂ ವಿಚಿತ್ರ ಕಾಣಲಿಲ್ಲ. ಇಪ್ಪತ್ತೆಂಟು ಎಂದು ಬರೆದು ಪಕ್ಕಕ್ಕೆ ಒಂದು ತಾಳಿಯ ಚಿತ್ರ ಬರೆದ.

ವಾಪಸು ಬರುವಾಗ ರೈಲಿನಲ್ಲಿ ಮೂರು ಸಲ ಕೂಡಿದ. ಮೂರು ಸಲವೂ ಒಂದೇ ಬಂತು, ನೂರ ಎಂಬತ್ತು. ಬೋರಣ್ಣನ ಮಗನ ಮಾತು ಇರಲಿ, ತನ್ನ ಸಂಬಳಕ್ಕಿಂತಲೂ ನಲವತ್ತೈದು ಹೆಚ್ಚು. ಅಳಿಯನಾಗುವವನ ಮೇಲೆ ಅವನಿಗೆ ಒಂದು ಗಳಿಗೆ ಹೊಟ್ಟೆಕಿಚ್ಚು ಬಂದದ್ದು ನಿಜ. ದಾವಣಗೆರೆಯ ಸ್ಟೇಷನ್ನಿನಲ್ಲಿ ಇಳಿಯುವ ಹೊತ್ತಿಗೆ ಅದು ಹೋಗಿ ಹೆಮ್ಮೆ ಬಂದಿತ್ತು. ಮನೆಗೆ ಬಂದವನು ಓಬಕ್ಕನಿಗೆ ಹೇಳಿದ, ಓಬಕ್ಕ ಪಕ್ಕದ ಮನೆಯ ಚೌಡವ್ವನಿಗೆ ಹೇಳಿದಳು. ದೀಪ ಹಚ್ಚುವ ಹೊತ್ತಿಗೆ, ಮಿಲಿಟರಿಯವರ ಹೆಂಡಂದಿರಿಗೆ ಸರ್ಕಾರವೇ ಸಂಬಳ ಕೊಡುತ್ತದಂತೆ ಎಂದು ಇಡೀ ಕೇರಿ ಮಾತಾಡುತ್ತಿತ್ತು. ಕಮಲಕ್ಕ ಕಾಗದ ನೋಡಿ, ಕತ್ತಿಯ ಚಿತ್ರಕ್ಕೆ ಬಹಳ ಹೊತ್ತು ನಕ್ಕಳು. ಮಗಳು ಹಾಗೆ ನಕ್ಕು ಎಷ್ಟು ದಿನವಾಗಿತ್ತು ಎಂದು ಬೊಮ್ಮಣ್ಣನಿಗೆ ಅನ್ನಿಸಿತು. ಆ ಸಂತೋಷದಲ್ಲೇ ಲೋಕಿಕೆರೆಗೆ ಹೇಳಿ ಕಳಿಸಿದ.

ಹೆಣ್ಣು ನೋಡಲು ಬಂದವರು ಮೂವರು. ದುರುಗವ್ವ, ಕಾಟಪ್ಪ, ಹುಲಿಯಪ್ಪ. ಹುಡುಗ ಎತ್ತರದವನಲ್ಲ, ಬಿಸಿಲಿಗೆ ಸುಟ್ಟ ಮುಖ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೂಡ್ರಿ ಅಂದ ಮೇಲೆ ಕೂತ, ಕೇಳಿದ್ದಕ್ಕೆ ಉತ್ತರ ಹೇಳಿದ. ಕಮಲಕ್ಕ ಬಂದು ನೀರಿನ ಚೊಂಬು ಇಟ್ಟು ಒಳಬಾಗಿಲಿನ ಹತ್ತಿರ ತಾಯಿಯ ಪಕ್ಕ ನಿಂತಳು. ಚೌಡವ್ವ ಕರೆಯದೆಯೇ ಬಂದು ಮೂಲೆಯಲ್ಲಿ ಜಾಗ ಹಿಡಿದಿದ್ದಳು.

ಗಂಡಿನ ಕಡೆಯವರ ತಟ್ಟೆಯಲ್ಲಿ ಚೀಟಿ ಇರಲಿಲ್ಲವಲ್ಲ, ಬೊಮ್ಮಣ್ಣ ತನ್ನ ಕಾಗದವನ್ನೇ ತೆಗೆದು ಎಲೆ ಅಡಿಕೆಯ ಪಕ್ಕ ಇಟ್ಟ. ನಿಮ್ಮ ಹುಡುಗನ ಬೆಲೆ ನಿಮಗೇ ಗೊತ್ತಿಲ್ಲ ಎಂದು ಕಾಟಪ್ಪನನ್ನು ಕಿಚಾಯಿಸಿದ. ಒಂದೊಂದೇ ಸಾಲು ಓದಿ, ನೂರ ಎಂಬತ್ತು ಎಂದು ತೊಡೆ ತಟ್ಟಿ ಮುಗಿಸಿದ. ದುರುಗವ್ವ ಕಣ್ಣು ಬಿಟ್ಟು ಕೇಳುತ್ತಿದ್ದಳು. ಮಗ ಇಷ್ಟು ದುಡಿಯುತ್ತಾನೆ ಎಂಬುದು ಅವಳಿಗೆ ಅದೇ ಮೊದಲು ಕೇಳಿದ್ದು.

ಹುಲಿಯಪ್ಪ ಕಾಗದ ತೆಗೆದುಕೊಂಡು ನೋಡಿದ. ಕತ್ತಿ, ತಟ್ಟೆ, ಬೂಟು ಕಂಡು ಅವನ ಮುಖದಲ್ಲಿ ನಗು ಮೂಡಿತ್ತು. ಕೆಳಗೆ ಹೋದಂತೆ ಅದು ಆರಿತು. ಈ ತಾಳಿ ಏನು ಮಾವ ಎಂದು ಕೇಳಿದ. ಬೊಮ್ಮಣ್ಣ ಹೇಳಿದ. ಕಾಟಪ್ಪ ಹುಲಿಯಪ್ಪನನ್ನು ಒಮ್ಮೆ ನೋಡಿ ಕಣ್ಣಲ್ಲೇ ಬೇಡ ಎಂದ. ಇರಲಿ ಬಿಡು, ಒಟ್ಟು ಇಷ್ಟಾಗುವುದಾದರೆ ಯಾಕೆ ಕೆಡಿಸುತ್ತೀ ಎಂಬಂತಿತ್ತು ಆ ನೋಟ. ಹುಡುಗ ಹಾಗೆಯೇ ಬಿಟ್ಟಿದ್ದರೆ ಆಗಲೇ ವೀಳ್ಯ ಬದಲಾಗುತ್ತಿತ್ತು. ಅದು ಕಾಟಪ್ಪನಿಗೆ ಗೊತ್ತಿತ್ತು, ಹುಡುಗನಿಗಂತೂ ಚೆನ್ನಾಗಿ ಗೊತ್ತಿತ್ತು. ಅವನು ಒಳಬಾಗಿಲಿನ ಕಡೆ ಒಂದು ಸಲ ನೋಡಿದ.

"ತಪ್ಪು ತಿಳ್ಕೋಬ್ಯಾಡ್ರಿ ಮಾವ," ಅಂದ. "ಇದು ನಾನು ಇದ್ದಾಗ ಬರಾ ದುಡ್ಡಲ್ಲ. ನಾನು ಹೋದ ಮ್ಯಾಲೆ ಬರಾದು."

ಎಲ್ಲಿಗೆ ಹೋದ ಮೇಲೆ ಎಂದು ಕೇಳಹೊರಟ ಬೊಮ್ಮಣ್ಣನಿಗೆ ಅರ್ಧದಲ್ಲೇ ಅರ್ಥವಾಯಿತು. ದುರುಗವ್ವ ಮಗನ ಮೊಣಕಾಲು ಹಿಡಿದು, ಬಿಡ್ತು ಅನ್ನು, ಬಿಡ್ತು ಅನ್ನು ಎಂದಳು. ಮೂಲೆಯಲ್ಲಿ ಚೌಡವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಣ್ಣಿನ ಮನೆಯಲ್ಲಿ, ಎಲೆ ಅಡಿಕೆಯ ಮುಂದೆ ಕೂತು ಹೀಗೆ ಆಡಿದ ಗಂಡನ್ನು ಅವಳು ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ.

ಆದರೆ ಶುರು ಮಾಡಿದವನು ಅರ್ಧಕ್ಕೆ ಬಿಡಲಿಲ್ಲ. ಟೊಪ್ಪಿಗೆಯ ಹನ್ನೆರಡು ರೂಪಾಯಿ ಯುದ್ಧದಲ್ಲಿ ಹೋದ ಬುಡನ್ ಸಾಬರ ಬೆರಳಿನದು, ತನಗೆ ಬರುವುದಲ್ಲ ಎಂದು ಹೇಳಿದ. ಊಟ, ಬಟ್ಟೆ ಖರೆ, ಆದರೆ ಅದು ತಾನು ಅಲ್ಲಿ ಉಣ್ಣುವುದು, ತಾನು ಅಲ್ಲಿ ಉಡುವುದು, ಮನೆಗೆ ಬರುವುದಿಲ್ಲ. ಗುಡ್ಡದ ಭತ್ಯೆ ಮಾತ್ರ ಬರುತ್ತದೆ. ಈ ರಜೆ ಮುಗಿದ ಮೇಲೆ ತಮ್ಮ ಪಲ್ಟಣವನ್ನು ಲಡಾಖಿಗೆ ಹಾಕಿದ್ದಾರೆ ಎಂದ. ತಾಯಿಗೂ ಆ ಸುದ್ದಿ ಅಲ್ಲೇ ತಿಳಿದದ್ದು ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಬೊಮ್ಮಣ್ಣನ ತಲೆ, ಅವನು ಬೇಡವೆಂದರೂ, ಕಳೆಯುತ್ತ ಹೋಯಿತು. ಉಳಿದದ್ದು ನೂರ ನಾಲ್ಕು. ಬೋರಣ್ಣನ ಮಗನಿಗಿಂತ ನಾಲ್ಕು ರೂಪಾಯಿ ಕಡಿಮೆ, ಅದೂ ಹಿಮದಲ್ಲಿ ನಿಂತರೆ. ಆದರೆ ಅವನನ್ನು ಉರಿಸಿದ್ದು ಆ ನಾಲ್ಕು ರೂಪಾಯಿ ಅಲ್ಲ. ಮಗಳು ಮುಂಡೆಯಾದರೆ ಬರುವ ದುಡ್ಡನ್ನು ತಾನು ರೈಲಿನಲ್ಲಿ ಕೂತು ಮೂರು ಸಲ ಕೂಡಿದ್ದ, ಹೆಚ್ಚಾಯಿತೆಂದು ಹಿಗ್ಗಿದ್ದ, ತನ್ನ ಕೈಯಿಂದಲೇ ಅದಕ್ಕೆ ತಾಳಿ ಬರೆದಿದ್ದ. ಈ ಯೋಚನೆ ಬಂದ ಕೂಡಲೇ ಅವನಿಗೆ ತನ್ನ ಕೈಯನ್ನೇ ನೋಡಲು ಆಗಲಿಲ್ಲ. ಕಾಗದ ಕಸಿದುಕೊಂಡು ಕಿವಿಯ ಮೇಲಿನ ಪೆನ್ಸಿಲಿನಿಂದ ಆ ಸಾಲನ್ನು ಹೊಡೆಯತೊಡಗಿದ. ಎರಡನೇ ಗೀಟಿಗೆ ಕಾಗದ ಹರಿಯಿತು.

ಹುಲಿಯಪ್ಪ ಅವನ ಕೈ ಹಿಡಿದುಕೊಂಡ. ಹಿರಿಯರ ಕೈ ಹಾಗೆ ಹಿಡಿಯಬಾರದು, ಆದರೂ ಹಿಡಿದ.

"ಅದನ್ನ ಹೊಡೀಬ್ಯಾಡ್ರಿ ಮಾವ. ಒಟ್ಟಿಗೆ ಸೇರಿಸಬ್ಯಾಡ್ರಿ, ಅಷ್ಟೆ. ಕೆಳಗೆ ಬ್ಯಾರೆ ಬರೀರಿ. ಮ್ಯಾಲಿಂದೆಲ್ಲ ನಾನು ಇದ್ರೆ ದುಡಿದು ಕೊಡಾದು. ನಾನು ಇಲ್ದಾಗೂ ಅವರಿಗೆ ಕೊಡಬಹುದು ಅಂದ್ರೆ ಅದೊಂದೇ ಐತೆ."

ಬೊಮ್ಮಣ್ಣ ಪೆನ್ಸಿಲು ಎತ್ತಿ, ಹರಿದ ಸಾಲನ್ನು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದ.

ಬೊಮ್ಮಣ್ಣನಿಗೆ ತನ್ನ ಖಾತೆಯ ದುರುಗಣ್ಣ ನೆನಪಾದ. ಹತ್ತಿಯ ಧೂಳು ಎದೆಗೆ ಕೂತು, ಎರಡು ವರ್ಷ ಕೆಮ್ಮಿ, ಹೋದ ಚೈತ್ರದಲ್ಲಿ ತೀರಿಕೊಂಡವನು. ಅವನ ಹೆಂಡತಿ ಮರಿಯವ್ವ ಎರಡು ಮಕ್ಕಳನ್ನು ಕಟ್ಟಿಕೊಂಡು ಮಿಲ್ಲಿನ ಗೇಟಿನಲ್ಲಿ ನಿಂತಾಗ ಕೈಗೆ ಬಂದದ್ದು ಒಂಬತ್ತು ದಿನದ ಬಾಕಿ ಸಂಬಳ. ಜಾಬರ್ ಆದ ಬೊಮ್ಮಣ್ಣನೇ ಟವೆಲ್ ಒಡ್ಡಿ ಮಗ್ಗ ಮಗ್ಗಕ್ಕೂ ಹೋಗಿ ಇಪ್ಪತ್ತೊಂದು ರೂಪಾಯಿ ಎತ್ತಿಕೊಟ್ಟಿದ್ದ. ಅದಾದ ಮೇಲೆ ಮರಿಯವ್ವ ಏನು ಉಣ್ಣುತ್ತಿದ್ದಾಳೆ ಎಂದು ಅವನು ಒಂದು ದಿನವೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ ಎಂಬ ಭಯ. ಅದೇ ಧೂಳನ್ನು ಅವನೂ ಇಪ್ಪತ್ತಾರು ವರ್ಷ ಕುಡಿದಿದ್ದ. ಈಚೆಗೆ ಬೆಳಗಿನ ಜಾವ ಅವನಿಗೂ ಕೆಮ್ಮು ಬರುತ್ತಿತ್ತು, ಅದನ್ನು ಅವನು ಬೀಡಿಯ ಮೇಲೆ ಹಾಕುತ್ತಿದ್ದ.

ಅವನು ತಿರುಗಿ ಓಬಕ್ಕನನ್ನು ನೋಡಿದ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವಳನ್ನು ಹಾಗೆ ನೋಡಿದ್ದು ಅದೇ ಮೊದಲಿರಬೇಕು. ಅವಳು ಹೆದರಿ, ಏನು ಎಂದಳು.

"ಏನಿಲ್ಲ ಓಬಿ," ಅಂದ. "ತಿಂಗಳು ತಿಂಗಳು ಚೀಟಿ ತಂದು ನಿನ್ ಕೈಗೆ ಕೊಟ್ಟೆ. ಅದ್ರಾಗ ನಿನಗೆ ಅಂತ ಒಂದು ಸಾಲೂ ಇರಲಿಲ್ಲ ನೋಡು. ನಾನು ಒಂದಿನಾನೂ ಹುಡುಕಲಿಲ್ಲ."

ಓಬಕ್ಕ ಬಂದವರ ಮುಂದೆ ಗಂಡನ ಹತ್ತಿರ ಹೋಗಬಾರದೆಂದು ನಿಂತಲ್ಲೇ ಕಣ್ಣು ಒರೆಸಿಕೊಂಡಳು. ಎದುರಿಗೆ ಕೂತ ಹುಡುಗನ ಮೇಲೆ ಬೊಮ್ಮಣ್ಣನಿಗಿದ್ದ ಸಿಟ್ಟು ಹೋಗಿತ್ತು, ಭಯ ಹೋಗಿರಲಿಲ್ಲ. ಆ ಭಯ ಇನ್ನು ಮೇಲೆ ಹೋಗುವುದೂ ಇಲ್ಲ ಎಂದು ಅವನಿಗೆ ಗೊತ್ತಾಯಿತು. ಲಡಾಖ್ ಎಲ್ಲಿದೆ ಎಂದು ಅವನಿಗೆ ತಿಳಿಯದು. ತನ್ನ ಮಗಳ ಹಸಿವಿನ ಲೆಕ್ಕವನ್ನು ಸಾವಿನ ಆಚೆಗೂ ಹಾಕಿದ ಮನುಷ್ಯ ಇವನೊಬ್ಬನೇ ಎಂದು ಮಾತ್ರ ತಿಳಿಯಿತು. ಆದರೂ ಹಿಮಕ್ಕೆ ಹೊರಟವನಿಗೆ ಮಗಳನ್ನು ಕೊಡುತ್ತೇನೆ ಎಂದು ಯಾವ ತಂದೆಯ ಬಾಯಿ ಹೇಳೀತು? ಅವನು ಕಮಲಕ್ಕನ ಕಡೆ ತಿರುಗಿ, ನೀನು ಹೇಳವ್ವ, ನನ್ನ ಲೆಕ್ಕ ಮುಗೀತು ಎಂದ.

ಕಮಲಕ್ಕ ಬಾಗಿಲು ಬಿಟ್ಟು ಬಂದು ತಂದೆಯ ಕೈಯಿಂದ ಪೆನ್ಸಿಲು ತೆಗೆದುಕೊಂಡಳು. ಹರಿದ ಕಾಗದವನ್ನು ಮಗುಚಿ ಬಿಳಿಯ ಜಾಗ ನೋಡಿಕೊಂಡು, ಎಲ್ಲರ ಎದುರಿಗೆ ನೆಲದ ಮೇಲೆ ಕೂತು, ತನ್ನ ದುಂಡು ಅಕ್ಷರದಲ್ಲಿ ಬರೆದಳು. ಸಂಬಳ, ತುಟ್ಟಿಭತ್ಯೆ, ನಡತೆ, ಕ್ಷೌರ, ಗುಡ್ಡ. ಕೂಡಿ ನೂರ ನಾಲ್ಕು ಎಂದು ಬರೆದು ಕೆಳಗೆ ಗೀಟು ಎಳೆದಳು. ಗೀಟಿನ ಕೆಳಗೆ ಪೆನ್ಸಿಲು ಇಟ್ಟವಳು ಅಲ್ಲೇ ತಡೆದಳು. ಕೊನೆಗೆ ತಲೆ ಎತ್ತಿ ನೇರವಾಗಿ ಹುಲಿಯಪ್ಪನನ್ನೇ ನೋಡಿದಳು.

"ಬ್ಯಾರೆ ಬರ್ಕಂತೀನಿ," ಅಂದಳು. "ಆದ್ರೆ ಈ ದುಡ್ಡು ನನಗೆ ಯಾವತ್ತೂ ಮುಟ್ಟಾದು ಬ್ಯಾಡ. ಅಷ್ಟು ಮಾತು ಕೊಟ್ಟು ಹೋಗ್ರಿ."

ಅಂಥ ಮಾತು ಕೊಡುವ ಅಧಿಕಾರ ಯಾವ ಹವಾಲ್ದಾರನಿಗೂ ಇಲ್ಲ. ನಿಜ ಬಿಟ್ಟು ಬೇರೆ ಆಡದ ಆ ಹುಡುಗ ಅವತ್ತು ಒಂದು ಸಲ ಆಡಿದ. ಆಗಲಿ, ಕೊಟ್ಟೆ ಎಂದ. ಅದು ಸುಳ್ಳು ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಕಮಲಕ್ಕನಿಗೂ. ಅವಳು ತಲೆ ತಗ್ಗಿಸಿ ಗೀಟಿನ ಕೆಳಗೆ ಇಪ್ಪತ್ತೆಂಟು ಎಂದು ಬರೆದಳು. ಬೊಮ್ಮಣ್ಣ ಕಣ್ಣು ಒರೆಸಿಕೊಂಡು, ಓಬಕ್ಕ ತಂದ ವೀಳ್ಯದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ದುರುಗವ್ವನ ಕಡೆಗೆ ಚಾಚಿದ.